ದೂರದ ಓಟವೂ ಮೆತ್ತನೆಯ ಅಟ್ಟೆಯೂ: ಒಂದು ಚಾರಿತ್ರಿಕ ವಿವೇಚನೆ

ಚರಿತ್ರೆಯ ಆಕರಗಳೆಂದೊಡನೆ ಶಾಸನ, ನಾಣ್ಯ, ಕಡತ, ಪ್ರವಾಸಿಗಳ ಬರಹ ಮೊದಲಾದುವು ನೆನಪಿಗೆ ಬರುವುದು ಸಹಜ. ದಿನಬಳಕೆಯ ವಸ್ತುಗಳೂ ಆಕರಗಳೇ ಎಂದು ತರಗತಿಗಳಲ್ಲಿ ನಾವು ಹೇಳುತ್ತೇವಾದರೂ, ನೆಲವನ್ನಗೆದಾಗ ದೊರೆತ ಮಡಕೆಯ ಚೂರಿಗೆ ಸಲ್ಲುವ ಗೌರವ ನಮ್ಮ ಕಣ್ಣೆದುರಿನ ವಸ್ತುಗಳಿಗೆ ಸಲ್ಲುವುದು ವಿರಳ. ಪ್ರಸ್ತುತ ಲೇಖನವು ಅಂಥದೊಂದು ವಸ್ತುವನ್ನು ಕುರಿತದ್ದು: ಡಾಂಬರು ರಸ್ತೆಯ ಮೇಲೆ, ಅವಸರವಿಲ್ಲದೆ, ಬಹು ದೂರ ಓಡುವವರಿಗಾಗಿ ತಯಾರಾಗುವ ಮೆತ್ತನೆಯ ಅಟ್ಟೆಯ ಬೂಟು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿಯೋ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆಯೋ ಬೆಳಗಿನ ಜಾವ ನಿಂತು ನೋಡುವವರಿಗೆ ಇದು ಅಪರಿಚಿತವಲ್ಲ. ಇದರ ಬೆಲೆ ಸಾವಿರಾರು ರೂಪಾಯಿ. ಕಾಲೇಜು ವಿದ್ಯಾರ್ಥಿಗೆ ಅದು ಸಣ್ಣ ಹೊರೆಯಲ್ಲ. ಹಣಕ್ಕಿಂತ ಮಿಗಿಲಾಗಿ, ಮೊಣಕಾಲು ಹಿಮ್ಮಡಿಗಳ ಕ್ಷೇಮವನ್ನು ಈ ಬೂಟಿಗೆ ಒಪ್ಪಿಸಿ ಓಡುವವರು ಅನೇಕರು.

ಇಂಥ ಬೂಟಿನ ಗುಣಾವಗುಣಗಳನ್ನು ನಿರ್ಣಯಿಸುವುದು ಹೇಗೆ? ಜಾಹೀರಾತು ಒಂದು ಉತ್ತರ ಕೊಡುತ್ತದೆ, ಪ್ರಯೋಗಶಾಲೆ ಮತ್ತೊಂದು, ಪಂದ್ಯದಲ್ಲಿ ಗೆದ್ದವನ ಕಾಲು ಇನ್ನೊಂದು. ಈ ಮೂರು ಉತ್ತರಗಳೂ ಒಂದೊಂದು ಕಾಲದಲ್ಲಿ, ಒಂದೊಂದು ಅಗತ್ಯದಿಂದ ಹುಟ್ಟಿದುವು. ಒಂದು ಬಗೆಯ ಓಟಕ್ಕಾಗಿ ಹುಟ್ಟಿದ ಅಳತೆಗೋಲನ್ನು ಮತ್ತೊಂದು ಬಗೆಯ ಓಟಕ್ಕೆ ಹಿಡಿದುದೇ ಈ ವಿಷಯದಲ್ಲಿ ಕಂಡುಬರುವ ಗೊಂದಲದ ಮೂಲವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

೧. ಬೊಬ್ಬೆಯ ಭಯದ ಕಾಲ

ಆಧುನಿಕ ಮ್ಯಾರಥಾನ್ ಓಟ ೧೮೯೬ರ ಅಥೆನ್ಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಆರಂಭವಾಯಿತು. ೧೯೦೮ರಲ್ಲಿ ಲಂಡನ್ನಿನಲ್ಲಿ ಓಡಿದ ೨೬ ಮೈಲಿ ೩೮೫ ಗಜಗಳ ದೂರವೇ, ಅಂದರೆ ೪೨.೧೯೫ ಕಿಲೋಮೀಟರುಗಳೇ, ೧೯೨೧ರಲ್ಲಿ ಆ ಓಟದ ಅಧಿಕೃತ ದೂರವಾಗಿ ನಿಶ್ಚಯವಾಯಿತು. ಆ ಕಾಲದ ಓಟಗಾರರ ಕಾಲಲ್ಲಿದ್ದುದು ಬಹುಮಟ್ಟಿಗೆ ತೊಗಲಿನ ಬೂಟು. ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ಕ್ರಮಕ್ಕೆ ಚಾರ್ಲ್ಸ್ ಗುಡ್‌ಇಯರ್ ೧೮೪೪ರಲ್ಲೇ ಅಮೆರಿಕದಲ್ಲಿ ಹಕ್ಕುಪತ್ರ ಪಡೆದಿದ್ದನು. ಇಂಗ್ಲೆಂಡಿನಲ್ಲಿ ರಬ್ಬರು ಅಟ್ಟೆಯ ಕ್ಯಾನ್ವಾಸ್ ಬೂಟು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲೇ ರೂಢಿಗೆ ಬಂದಿತ್ತು. ಆದರೆ ಅಲ್ಲಿ ರಬ್ಬರು ಇದ್ದುದು ಅಟ್ಟೆ ಜಾರದಿರಲೆಂದು, ನೀರು ಹೊಗದಿರಲೆಂದು, ಕಾಲಿಗೆ ಮೆತ್ತೆಯಾಗಲೆಂದಲ್ಲ.

ಕನ್ನಡನಾಡಿಗೂ ಈ ಚರಿತ್ರೆಯಲ್ಲಿ ಒಂದು ಪಾಲುಂಟು. ೧೯೧೯ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡೆಗಳಲ್ಲಿ ರೈತಾಪಿ ಮನೆತನಗಳ ತರುಣರು ಬರಿಗಾಲಲ್ಲಿ ಓಡಿದುದನ್ನು ನೋಡಿ ಸರ್ ದೊರಾಬ್ಜಿ ತಾತಾ ಅವರು ಬೆರಗಾದರು. ಮರುವರ್ಷ, ೧೯೨೦ರಲ್ಲಿ, ಆಂಟ್‌ವರ್ಪ್ ಒಲಿಂಪಿಕ್ ಕ್ರೀಡೆಗಳಿಗೆ ಅವರ ಪ್ರೋತ್ಸಾಹದಿಂದ ಹೋದ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರಿದ್ದರು. ೪೨.೭೫ ಕಿಲೋಮೀಟರುಗಳಷ್ಟು ಉದ್ದವಾಗಿದ್ದ ಅಲ್ಲಿನ ಮ್ಯಾರಥಾನನ್ನು ಅವರು ೨ ಗಂಟೆ ೫೦ ನಿಮಿಷ ೪೫ ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು.

ಜಪಾನಿನವರ ಕ್ರಮ ಬೇರೆಯಾಗಿತ್ತು. ೧೯೫೧ರ ಬಾಸ್ಟನ್ ಮ್ಯಾರಥಾನನ್ನು ಗೆದ್ದ ಶಿಗೆಕಿ ತನಾಕ ಹೆಬ್ಬೆರಳಿಗೆ ಪ್ರತ್ಯೇಕ ಗೂಡುಳ್ಳ, ಜಪಾನೀ ‘ತಬಿ’ಯ ಆಕಾರದ ಬೂಟು ತೊಟ್ಟಿದ್ದನು. ಕೋಬೆ ನಗರದಲ್ಲಿ ೧೯೪೯ರಲ್ಲಿ ಬೂಟಿನ ಉದ್ಯಮ ಆರಂಭಿಸಿದ ಕಿಹಾಚಿರೊ ಒನಿತ್ಸುಕನು ದೂರದ ಓಟಗಾರರ ಪಾದದಲ್ಲೇಳುವ ಬೊಬ್ಬೆಗಳನ್ನು ತಡೆಯಲು, ಬೂಟಿನೊಳಗೆ ಗಾಳಿಯಾಡುವಂತೆ ರಂಧ್ರಗಳನ್ನಿಟ್ಟ ‘ಮ್ಯಾಜಿಕ್ ರನ್ನರ್’ ಎಂಬುದನ್ನು ೧೯೬೦ರ ಸುಮಾರಿಗೆ ಹೊರತಂದನು. ಅದೇ ೧೯೬೦ರಲ್ಲಿ ರೋಮ್ ನಗರದ ಕಲ್ಲುಹಾಸಿನ ಮೇಲೆ ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಲ್ಲೇ ಓಡಿ, ೨ ಗಂಟೆ ೧೫ ನಿಮಿಷ ೧೬ ಸೆಕೆಂಡುಗಳಲ್ಲಿ ಗೆದ್ದನು. ೧೯೬೪ರಲ್ಲಿ ಟೋಕಿಯೋದಲ್ಲಿ ಅವನೇ ಬೂಟು ತೊಟ್ಟು ಮತ್ತೆ ಗೆದ್ದನು.

ಈ ನಿದರ್ಶನಗಳಿಂದ ತಿಳಿದುಬರುವುದೇನೆಂದರೆ, ೧೯೬೦ರವರೆಗೆ ದೂರದ ಓಟದ ಬೂಟಿಗೆ ಕೇಳುತ್ತಿದ್ದ ಪ್ರಶ್ನೆಗಳು ಎರಡೇ: ಹಗುರವಾಗಿದೆಯೆ? ಬೊಬ್ಬೆ ಎಬ್ಬಿಸುವುದಿಲ್ಲವಷ್ಟೆ? ಓಡುವವರು ಕೆಲವೇ ಮಂದಿ. ಅವರೆಲ್ಲ ಎಳವೆಯಿಂದ ಪಳಗಿದ ಹಗುರ ಮೈಯವರು. ಅಟ್ಟೆ ಮೆತ್ತಗಿದೆಯೆ ಎಂಬ ಪ್ರಶ್ನೆಯನ್ನು ಕೇಳಬೇಕಾದವರು ಇನ್ನೂ ರಸ್ತೆಗೆ ಇಳಿದೇ ಇರಲಿಲ್ಲ.

೨. ನಿಧಾನದ ಓಟದ ಉದಯ

ಅವರನ್ನು ರಸ್ತೆಗೆ ಇಳಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡನಿಗೆ ಸಲ್ಲತಕ್ಕದ್ದು. ಬೂಟಿನ ಕಾರ್ಖಾನೆಯಲ್ಲಿ ದುಡಿದ ಈತನು ತನ್ನ ಮೇಲೆಯೇ ಪ್ರಯೋಗ ನಡೆಸಿ, ವಾರಕ್ಕೆ ನೂರು ಮೈಲಿಗಳಷ್ಟು ಓಟವೇ ಎಲ್ಲ ಬಗೆಯ ಓಟಗಾರರಿಗೂ ಬುನಾದಿ ಎಂದು ನಿರ್ಧರಿಸಿದನು. ಆಕ್ಲೆಂಡಿನ ಬಳಿಯ ವೈಟರುವಾ ಗುಡ್ಡಗಳ ೨೨ ಮೈಲಿಗಳ ಸುತ್ತು ಅವನ ಶಿಷ್ಯರಿಗೆ ವಾರವಾರದ ವ್ರತವಾಯಿತು. ೧೯೬೦ರ ಸೆಪ್ಟೆಂಬರ್ ೨ರಂದು ರೋಮಿನಲ್ಲಿ ಒಂದೇ ದಿನ ಅವನ ಇಬ್ಬರು ಶಿಷ್ಯರು, ೮೦೦ ಮೀಟರಿನಲ್ಲಿ ಪೀಟರ್ ಸ್ನೆಲ್, ೫,೦೦೦ ಮೀಟರಿನಲ್ಲಿ ಮರ್ರಿ ಹಾಲ್ಬರ್ಗ್, ಚಿನ್ನದ ಪದಕ ಪಡೆದರು. ಬಿಕಿಲ ಗೆದ್ದ ಮ್ಯಾರಥಾನಿನಲ್ಲಿ ಮೂರನೆಯವನಾದ ಬ್ಯಾರಿ ಮಗೀ ಸಹ ಅವನ ಶಿಷ್ಯನೇ.

ಪದಕಗಳಿಗಿಂತಲೂ ನಮಗೆ ಮುಖ್ಯವಾದುದು ಅನಂತರ ನಡೆದುದು. ಲಿಡಿಯಾರ್ಡನು ಆಕ್ಲೆಂಡಿನ ನಡುವಯಸ್ಸಿನ ಗೃಹಸ್ಥರನ್ನೂ ಹೃದ್ರೋಗದಿಂದ ಚೇತರಿಸಿಕೊಂಡವರನ್ನೂ ಗುಂಪುಗೂಡಿಸಿ ನಿಧಾನವಾಗಿ ಓಡಿಸಿದನು. ೧೯೬೨ರ ಕೊನೆಯಲ್ಲಿ ಅಲ್ಲಿಗೆ ಬಂದ ಅಮೆರಿಕದ ಆರೆಗಾನ್ ವಿಶ್ವವಿದ್ಯಾನಿಲಯದ ತರಬೇತುದಾರ ಬಿಲ್ ಬೋವರ್‌ಮನ್, ಎಪ್ಪತ್ತು ದಾಟಿದ ವೃದ್ಧರೊಬ್ಬರ ಸರಿಸಮಕ್ಕೆ ಓಡಲಾರದೆ ಹಿಂದುಳಿದನಂತೆ. ಊರಿಗೆ ಮರಳಿದ ಬೋವರ್‌ಮನ್ ಯೂಜೀನ್ ಪಟ್ಟಣದಲ್ಲಿ ಜನಸಾಮಾನ್ಯರಿಗೆ ಈ ಓಟವನ್ನು ಕಲಿಸಿದನು. ಹೃದಯವೈದ್ಯ ಡಬ್ಲ್ಯು. ಇ. ಹ್ಯಾರಿಸ್ ಅವರೊಡನೆ ಅವನು ಬರೆದ ‘ಜಾಗಿಂಗ್’ ಎಂಬ ಪುಸ್ತಕ ೧೯೬೭ರಲ್ಲಿ ಹೊರಬಂದಿತು. ೧೯೬೯ರಲ್ಲಿ ಜೋ ಹೆಂಡರ್ಸನ್ ‘ಲಾಂಗ್ ಸ್ಲೋ ಡಿಸ್ಟೆನ್ಸ್’ ಎಂಬ ಕಿರುಹೊತ್ತಗೆಯಲ್ಲಿ, ದೀರ್ಘವೂ ನಿಧಾನವೂ ಆದ ಓಟವೇ ಮನುಷ್ಯೋಚಿತವಾದ ಅಭ್ಯಾಸವೆಂದು ಪ್ರತಿಪಾದಿಸಿದನು. ೧೯೭೨ರಲ್ಲಿ ಮ್ಯೂನಿಕ್ ಮ್ಯಾರಥಾನನ್ನು ಫ್ರಾಂಕ್ ಶಾರ್ಟರ್ ಗೆದ್ದ ಮೇಲೆ ಅಮೆರಿಕದಲ್ಲಿ ಈ ಓಟ ಜನಾಂದೋಲನವೇ ಆಯಿತು.

ಈ ಪರಿವರ್ತನೆಯ ಅರ್ಥವನ್ನು ಒಂದು ಸರಳ ಲೆಕ್ಕದಿಂದ ಗ್ರಹಿಸಬಹುದು. ಮಾತನಾಡುತ್ತ ಓಡಬಲ್ಲಷ್ಟು ನಿಧಾನವಾಗಿ ಓಡುವವನು ಒಂದು ಕಿಲೋಮೀಟರಿಗೆ ಸುಮಾರು ಸಾವಿರ ಹೆಜ್ಜೆ ಇಡುತ್ತಾನೆ. ಇಪ್ಪತ್ತು ಕಿಲೋಮೀಟರಿಗೆ ಇಪ್ಪತ್ತು ಸಾವಿರ ಹೆಜ್ಜೆ. ಒಂದೊಂದು ಕಾಲಿಗೆ ಹತ್ತು ಸಾವಿರ. ಒಂದೊಂದು ಹೆಜ್ಜೆಯಲ್ಲೂ ನೆಲವು ಕಾಲಿಗೆ ಮರಳಿಸುವ ಬಲ ದೇಹದ ತೂಕದ ಎರಡರಿಂದ ಮೂರು ಪಟ್ಟು. ಓಡುವವನು ಇಪ್ಪತ್ತರ ತರುಣನಲ್ಲ, ನಲವತ್ತು ದಾಟಿದ ಗುಮಾಸ್ತ ಅಥವಾ ಅಧ್ಯಾಪಕ. ನೆಲ ಹುಲ್ಲುಗಾವಲಲ್ಲ, ಡಾಂಬರು. ಓಟದ ವೇಗ ಇಳಿಯಿತು, ಕಾಲಾವಧಿ ಬೆಳೆಯಿತು. ದೇಹ ಬೇರೆ, ನೆಲ ಬೇರೆ. ಮೆತ್ತನೆಯ ಅಟ್ಟೆಗೆ ಬೇಡಿಕೆ ಹುಟ್ಟಿದುದು ಇಲ್ಲಿ.

೩. ಮೆತ್ತೆಯ ವಿಕಾಸ

೧೯೬೫ರಲ್ಲಿ ಬೋವರ್‌ಮನ್ನನ ಶಿಷ್ಯ ಕೆನ್ನಿ ಮೂರ್ ದೂರದ ಓಟಕ್ಕೆಂದು ರೂಪಿಸದ ಬೂಟೊಂದನ್ನು ತೊಟ್ಟು ಬಹು ದೂರ ಓಡಿ, ಪಾದದ ಮೂಳೆಯಲ್ಲಿ ಬಿರುಕು ಬರಿಸಿಕೊಂಡನು. ಬೋವರ್‌ಮನ್ ಆ ಬೂಟನ್ನು ಬಿಚ್ಚಿ ಪರೀಕ್ಷಿಸಿ, ಹಿಮ್ಮಡಿಯಿಂದ ಬೆರಳಿನವರೆಗೂ ಸ್ಪಂಜಿನಂಥ ರಬ್ಬರಿನ ನಡು ಅಟ್ಟೆಯುಳ್ಳ, ಹಿಮ್ಮಡಿ ತುಸು ಎತ್ತರವಾದ ಹೊಸ ಮಾದರಿಯೊಂದನ್ನು ಸೂಚಿಸಿದನು. ಅವನೂ ಫಿಲ್ ನೈಟನೂ ೧೯೬೪ರಲ್ಲಿ ಸ್ಥಾಪಿಸಿದ್ದ ಸಂಸ್ಥೆ ಒನಿತ್ಸುಕನ ಬೂಟುಗಳನ್ನು ಅಮೆರಿಕದಲ್ಲಿ ಮಾರುತ್ತಿತ್ತು. ಆದಕಾರಣ ಈ ಸೂಚನೆ ಜಪಾನಿಗೆ ಹೋಗಿ ‘ಕಾರ್ಟೆಜ್’ ಎಂಬ ಬೂಟಾಗಿ ಹೊರಬಂದಿತು. ಮುಂದೆ ಎರಡು ಸಂಸ್ಥೆಗಳೂ ಬೇರೆಯಾದಾಗ ಇದೇ ಬೂಟಿಗಾಗಿ ವ್ಯಾಜ್ಯ ನಡೆಯಿತು. ನೈಕಿ ‘ಕಾರ್ಟೆಜ್’ ಎಂಬ ಹೆಸರನ್ನು ಉಳಿಸಿಕೊಂಡಿತು. ಒನಿತ್ಸುಕನ ಬೂಟು ‘ಕಾರ್ಸೇರ್’ ಎನಿಸಿತು.

೧೯೭೦ರ ದಶಕದ ಮಧ್ಯದಲ್ಲಿ ಬ್ರೂಕ್ಸ್ ಸಂಸ್ಥೆಯವರು ಎಥಿಲೀನ್ ವಿನೈಲ್ ಅಸಿಟೇಟ್, ಸಂಕ್ಷೇಪವಾಗಿ ಇ.ವಿ.ಎ., ಎಂಬ ನೊರೆಯಂತೆ ಉಬ್ಬಿಸಿದ ಪದಾರ್ಥವನ್ನು ನಡು ಅಟ್ಟೆಗೆ ಬಳಸಿದರು. ಅದರೊಳಗೆ ಅಸಂಖ್ಯಾತ ಗಾಳಿಗುಳ್ಳೆಗಳಿರುವುದರಿಂದ ಅದು ರಬ್ಬರಿಗಿಂತ ಬಹು ಹಗುರ. ಮೆತ್ತನೆಯದೆಲ್ಲ ಭಾರವಾಗಲೇಬೇಕೆಂಬ ನಿಯಮ ಅಲ್ಲಿಗೆ ಮುರಿಯಿತು. ವಿಮಾನೋದ್ಯಮದಿಂದ ಬಂದ ಫ್ರಾಂಕ್ ರೂಡಿಯ ಗಾಳಿಚೀಲಗಳನ್ನು ಅಳವಡಿಸಿದ ನೈಕಿಯ ‘ಟೈಲ್‌ವಿಂಡ್’ ೧೯೭೮ರಲ್ಲಿ ಕಾಣಿಸಿಕೊಂಡಿತು. ಅದರ ಚರಿತ್ರೆ ಬೋಧಪ್ರದವಾದುದು: ಗಾಳಿಚೀಲ ಸರಿಯಾಗಿಯೇ ಇದ್ದರೂ, ಮೇಲ್ಹೊದಿಕೆಯ ಬೆಳ್ಳಿಬಣ್ಣದಲ್ಲಿದ್ದ ಲೋಹದ ಕಣಗಳು ಬಟ್ಟೆಯ ಎಳೆಗಳನ್ನು ಕತ್ತರಿಸಿದುದರಿಂದ ಅನೇಕ ಜೋಡಿಗಳು ಅಂಗಡಿಗೆ ಮರಳಿದುವು. ಬೂಟು ಒಂದು ಸಮಗ್ರ ವಸ್ತು, ಅಟ್ಟೆಯೊಂದರ ಗುಣದಿಂದಲೇ ಅದರ ಯೋಗ್ಯತೆ ತೀರ್ಮಾನವಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ. ಒನಿತ್ಸುಕನ ಸಂಸ್ಥೆ ಇನ್ನೆರಡು ಸಂಸ್ಥೆಗಳೊಡನೆ ೧೯೭೭ರಲ್ಲಿ ಕೂಡಿ ‘ಆಸಿಕ್ಸ್’ ಆಯಿತು. ಅದು ೧೯೮೬ರಲ್ಲಿ ಅಂಟುದ್ರವದ ಮೆತ್ತೆಯಾದ ‘ಜೆಲ್’ ಅನ್ನು ತಂದಿತು.

೪. ಮೂರು ಪ್ರಮಾಣಗಳು

ಬೂಟುಗಳು ಹೆಚ್ಚಿದಂತೆ ಅವುಗಳ ವಿಮರ್ಶೆಯೂ ಹುಟ್ಟಿತು. ೧೯೬೬ರಲ್ಲಿ ಆರಂಭವಾಗಿ ೧೯೭೦ರಿಂದ ‘ರನ್ನರ್ಸ್ ವರ್ಲ್ಡ್’ ಎಂಬ ಹೆಸರು ಪಡೆದ ಅಮೆರಿಕದ ಪತ್ರಿಕೆ, ಮಾರುಕಟ್ಟೆಯ ಬೂಟುಗಳಿಗೆ ಒಂದು, ಎರಡು, ಮೂರು ಎಂದು ಸ್ಥಾನಗಳನ್ನು ಕೊಡತೊಡಗಿತು. ಎಲ್ಲರ ಕಾಲಿಗೂ ಒಂದೇ ಬೂಟು ಮೊದಲನೆಯದಾಗಬಲ್ಲದೆಂಬ ಕಲ್ಪನೆ ಈ ಕ್ರಮದಲ್ಲಿ ಅಡಗಿತ್ತು. ಇದು ಪಂದ್ಯದ ಪ್ರಮಾಣ: ಓಟದಲ್ಲಿ ಮೊದಲನೆಯವನಿರುವಂತೆ ಬೂಟಿನಲ್ಲೂ ಮೊದಲನೆಯದು.

ಎರಡನೆಯದು ಯಂತ್ರದ ಪ್ರಮಾಣ. ೧೯೭೦ರ ದಶಕದ ಉತ್ತರಾರ್ಧದಲ್ಲಿ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾನಿಲಯದ ಪೀಟರ್ ಕ್ಯಾವನಾ ಅವರು ಬೂಟುಗಳನ್ನು ಪ್ರಯೋಗಶಾಲೆಗೆ ಒಯ್ದರು. ೧೯೮೦ರಲ್ಲಿ ಈ ವಿಷಯದ ಮೇಲೆ ಗ್ರಂಥವನ್ನೂ ಪ್ರಕಟಿಸಿದರು. ಅಟ್ಟೆಯ ಮೇಲೆ ನಿಯತ ತೂಕವನ್ನು ಬೀಳಿಸಿ ಆಘಾತವೆಷ್ಟು ತಗ್ಗಿತೆಂದು ಅಳೆಯುವ ಕ್ರಮ ರೂಢಿಗೆ ಬಂದಿತು. ಇದರಿಂದಾದ ಉಪಕಾರ ದೊಡ್ಡದು. ಆದರೆ ಮನುಷ್ಯನ ಕಾಲು ಬೀಳುವ ಕಬ್ಬಿಣದ ಗುಂಡಲ್ಲ; ಅಟ್ಟೆ ಮೆತ್ತಗಾದರೆ ಮೊಣಕಾಲನ್ನು ಬಿಗಿಯಾಗಿಸಿ, ಗಟ್ಟಿಯಾದರೆ ಸಡಿಲಿಸಿ, ಅದು ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ೧೯೮೫ರಲ್ಲಿ ಪ್ರಕಟವಾದ ಕುಕ್, ಕೆಸ್ಟರ್, ಬ್ರುನೆ ಅವರ ಸಂಶೋಧನೆ ಯಂತ್ರಕ್ಕೂ ಕಾಲಿಗೂ ಇರುವ ಅಂತರವನ್ನು ಅಂಕಿಗಳಲ್ಲಿ ತೋರಿಸಿತು. ಯಂತ್ರದಿಂದ ‘ಓಡಿಸಿದ’ ಬೂಟುಗಳಲ್ಲಿ ೨೫೦ರಿಂದ ೫೦೦ ಮೈಲಿಗಳೊಳಗೆ, ಆಘಾತವನ್ನು ತಡೆಯುವ ಶಕ್ತಿ ಮೊದಲಿನ ಶೇಕಡ ೬೦ಕ್ಕಿಂತ ಕೆಳಗಿಳಿದಿತ್ತು. ಮನುಷ್ಯರು ಓಡಿದ ಬೂಟುಗಳಲ್ಲಿ ೫೦೦ ಮೈಲಿಗಳಾದ ಮೇಲೂ ಸುಮಾರು ಶೇಕಡ ೭೦ ಉಳಿದಿತ್ತು. ಮತ್ತೊಂದು ಸಂಗತಿಯನ್ನೂ ಅವರು ಗುರುತಿಸಿದರು: ಈ ಶಕ್ತಿಯಲ್ಲಿ ಬೆಲೆಯನ್ನನುಸರಿಸಿ ಭೇದವೇನೂ ಕಾಣಲಿಲ್ಲ.

ಯಂತ್ರದ ಪ್ರಮಾಣದಿಂದಲೇ ಹುಟ್ಟಿದ ಇನ್ನೊಂದು ನಂಬಿಕೆ, ಪಾದದ ಕಮಾನಿನ ಆಕಾರವನ್ನು ನೋಡಿ ಬೂಟನ್ನು ವಿಧಿಸಬೇಕೆಂಬುದು. ಅಮೆರಿಕದ ಭೂಸೇನೆ, ವಾಯುಸೇನೆ, ಮೆರೀನ್ ದಳಗಳ ಸಾವಿರಾರು ಹೊಸ ಸಿಪಾಯಿಗಳ ಮೇಲೆ ನಡೆದು ೨೦೦೯ ಮತ್ತು ೨೦೧೦ರಲ್ಲಿ ಪ್ರಕಟವಾದ ನೇಪಿಕ್ ಮತ್ತು ಸಂಗಡಿಗರ ಪರೀಕ್ಷೆಗಳು, ಹೀಗೆ ವಿಧಿಸಿದ ಬೂಟಿನಿಂದ ಗಾಯಗಳು ಕಡಮೆಯಾಗಲಿಲ್ಲವೆಂದು ತೋರಿಸಿದುವು.

ಮೂರನೆಯದು ತೊಟ್ಟವನ ಅನುಭವದ ಪ್ರಮಾಣ. ಇದನ್ನು ಬಹುಕಾಲ ಕೇವಲ ವೈಯಕ್ತಿಕವೆಂದು ತಳ್ಳಿಹಾಕಲಾಗಿತ್ತು. ೨೦೧೫ರಲ್ಲಿ ಕ್ಯಾಲ್ಗರಿ ವಿಶ್ವವಿದ್ಯಾನಿಲಯದ ಬೆನ್ನೋ ನಿಗ್ ಮತ್ತು ಅವರ ಸಹೋದ್ಯೋಗಿಗಳು, ಓಟಗಾರನು ತನಗೆ ಹಿತವೆನಿಸುವ ಬೂಟನ್ನು ಆರಿಸಿದಾಗ ಅವನ ದೇಹವು ತನ್ನ ಸಹಜ ಚಲನೆಯ ಹಾದಿಯನ್ನೇ ಆರಿಸಿಕೊಳ್ಳುತ್ತದೆ ಎಂಬ ವಾದವನ್ನು ಮುಂದಿಟ್ಟರು. ಇದು ಸಿದ್ಧಾಂತವಲ್ಲ, ವಾದ. ಆದರೂ ಮೂರನೆಯ ಸಾಕ್ಷಿಯನ್ನು ಕಟಕಟೆಗೆ ಕರೆದ ಶ್ರೇಯಸ್ಸು ಇದಕ್ಕುಂಟು.

೫. ಬರಿಗಾಲಿನ ಆಕ್ಷೇಪ

ಮೆತ್ತನೆಯ ಅಟ್ಟೆಯೇ ಅನರ್ಥಕ್ಕೆ ಮೂಲವೆಂಬ ಆಕ್ಷೇಪವೂ ಎದ್ದಿತು. ೨೦೦೯ರಲ್ಲಿ ಕ್ರಿಸ್ಟೊಫರ್ ಮ್ಯಾಕ್‌ಡೂಗಲ್ ಮೆಕ್ಸಿಕೋದ ತರಾಹುಮಾರ ಜನರ ಓಟವನ್ನು ಕುರಿತು ಬರೆದ ‘ಬಾರ್ನ್ ಟು ರನ್’ ಪುಸ್ತಕವೂ, ೨೦೧೦ರಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಅವರ ಸಂಶೋಧನೆಯೂ ಈ ಆಕ್ಷೇಪಕ್ಕೆ ಬಲಕೊಟ್ಟುವು. ರೂಢಿಯಾಗಿ ಬರಿಗಾಲಲ್ಲಿ ಓಡುವವರು ಹೆಚ್ಚಾಗಿ ಪಾದದ ಮುಂಭಾಗವನ್ನು ಮೊದಲು ಊರುತ್ತಾರೆ, ಬೂಟು ತೊಟ್ಟವರು ಹಿಮ್ಮಡಿಯನ್ನು ಊರುತ್ತಾರೆ ಎಂಬುದು ಲೀಬರ್‌ಮನ್ ಅವರ ಶೋಧ. ಆದರೆ ಆ ಶೋಧದಿಂದ ಡಾಂಬರಿನ ಮೇಲೆ ಓಡುವ ನಲವತ್ತರ ನಗರವಾಸಿ ತತ್‌ಕ್ಷಣ ಬೂಟನ್ನು ಬಿಡತಕ್ಕದ್ದೆಂಬ ತೀರ್ಮಾನ ಹೊರಡುವುದಿಲ್ಲ. ಬೆರಳುಗಳಿಗೆ ಬೇರೆಬೇರೆ ಗೂಡುಗಳಿದ್ದ ತೆಳು ಬೂಟುಗಳನ್ನು ಆರೋಗ್ಯದ ಭರವಸೆಯಿತ್ತು ಮಾರಿದ ವಿಬ್ರಮ್ ಸಂಸ್ಥೆ, ೨೦೧೪ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ರಾಜಿಗೆ ಒಪ್ಪಿ ೩೭.೫ ಲಕ್ಷ ಡಾಲರುಗಳನ್ನು ತೆರಬೇಕಾಯಿತು.

ಇದೇ ಹೊತ್ತಿನಲ್ಲಿ ಗಡಿಯಾರದ ಲೋಲಕ ಮತ್ತೊಂದು ಕೊನೆಗೆ ಸರಿಯಿತು. ಫ್ರಾನ್ಸಿನ ಆನ್ಸಿ ಪ್ರದೇಶದಲ್ಲಿ ೨೦೦೯ರಲ್ಲಿ ಸ್ಥಾಪಿತವಾದ ಹೋಕಾ ಸಂಸ್ಥೆ ಹಿಂದೆಂದೂ ಕಾಣದಷ್ಟು ದಪ್ಪ ಅಟ್ಟೆಯ ಬೂಟುಗಳನ್ನು ತಂದಿತು. ದಪ್ಪವಾದಷ್ಟೂ ಕ್ಷೇಮವೆಂಬ ನಂಬಿಕೆಯನ್ನೂ ೨೦೧೮ರಲ್ಲಿ ಫಿನ್‌ಲೆಂಡಿನ ಕುಲ್ಮಾಲ ಮತ್ತು ಸಂಗಡಿಗರು ಪರೀಕ್ಷಿಸಿದರು. ವೇಗವಾಗಿ ಓಡಿದಾಗ ಅತಿ ದಪ್ಪ ಅಟ್ಟೆಯಲ್ಲಿ ಆಘಾತ ಕಡಮೆಯಾಗುವ ಬದಲು ಹೆಚ್ಚಿತೆಂದು ಅವರು ಕಂಡರು. ಅಲ್ಲಿ ಪರೀಕ್ಷೆಗೊಳಗಾದವರು ಹನ್ನೆರಡೇ ಮಂದಿ ಎಂಬುದನ್ನೂ ಮರೆಯಲಾಗದು.

ಈ ವಾದವಿವಾದಗಳ ನಡುವೆ ಹೆಚ್ಚು ತೂಕವುಳ್ಳ ಸಾಕ್ಷ್ಯ ಲಕ್ಸೆಂಬರ್ಗಿನದು. ಅಲ್ಲಿನ ಸಂಶೋಧಕರು ೨೦೧೪ರಲ್ಲಿ ಪ್ರಕಟಿಸಿದ, ೨೪೭ ಓಟಗಾರರ ಐದು ತಿಂಗಳ ಪರೀಕ್ಷೆಯಲ್ಲಿ ಗಟ್ಟಿ ಅಟ್ಟೆಗೂ ಮೆತ್ತನೆಯ ಅಟ್ಟೆಗೂ ಗಾಯಗಳ ಮಟ್ಟಿಗೆ ಭೇದ ಕಾಣಲಿಲ್ಲ. ಮಾಲಿಸೂ ಮತ್ತು ಸಂಗಡಿಗರು ೨೦೨೦ರಲ್ಲಿ ಪ್ರಕಟಿಸಿದ, ೮೪೮ ಓಟಗಾರರ ಆರು ತಿಂಗಳ ಪರೀಕ್ಷೆಯಲ್ಲಿ, ಗಟ್ಟಿ ಅಟ್ಟೆಯವರಿಗೆ ಗಾಯದ ಸಂಭವ ಸುಮಾರು ಒಂದೂವರೆ ಪಟ್ಟು ಕಂಡಿತು. ಮೆತ್ತೆಯ ಪ್ರಯೋಜನ ಭಾರವಾದ ಮೈಯವರಿಗೇ ಹೆಚ್ಚೆಂಬ ಸಾಮಾನ್ಯ ಭಾವನೆಗೆ ವಿರುದ್ಧವಾಗಿ, ಹಗುರ ಮೈಯವರಿಗೇ ಅದು ಸ್ಪಷ್ಟವಾಗಿ ಒದಗಿತ್ತು. ಇಂಥ ೧೨ ಪ್ರಯೋಗಗಳನ್ನೂ ೧೧,೦೦೦ಕ್ಕೂ ಮಿಕ್ಕ ಜನರ ವಿವರಗಳನ್ನೂ ೨೦೨೨ರಲ್ಲಿ ಒಟ್ಟುಗೂಡಿಸಿ ತೂಗಿನೋಡಿದ ಕಾಕ್ರೇನ್ ಸಮೀಕ್ಷೆ, ಲಭ್ಯ ಸಾಕ್ಷ್ಯ ಬಹುಮಟ್ಟಿಗೆ ದುರ್ಬಲವೆಂದೇ ಹೇಳಿತು. ಮೆತ್ತೆಗೆ ಅನುಕೂಲವಾದ ಸಾಕ್ಷ್ಯವುಂಟು, ಅದು ಅಂತಿಮವಲ್ಲ ಎಂಬಷ್ಟನ್ನು ಮಾತ್ರ ಇಂದು ಪ್ರಾಮಾಣಿಕವಾಗಿ ಹೇಳಬಹುದು.

೬. ಮೌಲ್ಯನಿರ್ಣಯದ ಕ್ರಮ

ಹೀಗಿರಲು, ನಿರಾಯಾಸದ ದೂರದ ಓಟಕ್ಕೆ ಬೂಟೊಂದನ್ನು ಪರೀಕ್ಷಿಸುವವನು ಮೊದಲು ಪಂದ್ಯದ ಅಳತೆಗೋಲನ್ನು ಬದಿಗಿಡಬೇಕು. ೨೦೧೭ರಿಂದ ಪ್ರಸಿದ್ಧವಾದ, ಇಂಗಾಲದ ನಾರಿನ ಫಲಕವುಳ್ಳ ಪಂದ್ಯದ ಬೂಟುಗಳು ಶೇಕಡ ನಾಲ್ಕರಷ್ಟು ಶಕ್ತಿಯನ್ನು ಉಳಿಸುತ್ತವೆಂಬ ಪರೀಕ್ಷೆಯ ಫಲ ವೇಗದ ಓಟದಿಂದ ಬಂದುದು. ರಸ್ತೆಯ ಪಂದ್ಯಗಳಲ್ಲಿ ಅಟ್ಟೆ ೪೦ ಮಿಲಿಮೀಟರನ್ನು ಮೀರಬಾರದೆಂದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ೨೦೨೦ರಲ್ಲಿ ಮಾಡಿದ ನಿಯಮವೂ ಪಂದ್ಯಕ್ಕೇ ಸಂಬಂಧಿಸಿದ್ದು. ಬೂಟೊಂದಕ್ಕೆ ನೂರು ಗ್ರಾಂ ತೂಕ ಹೆಚ್ಚಿದರೆ ಓಟದ ಶ್ರಮ ಸುಮಾರು ಶೇಕಡ ಒಂದರಷ್ಟು ಏರುತ್ತದೆ. ಪಂದ್ಯದಲ್ಲಿ ಇದು ಸೋಲುಗೆಲವಿನ ಅಂತರವಾಗಬಹುದು. ಮಾತನಾಡುತ್ತ ಓಡುವವನಿಗೆ ಲೆಕ್ಕಕ್ಕೆ ಬಾರದು.

ಎರಡನೆಯದಾಗಿ, ಮೆತ್ತಗಿರುವುದು ಬೇರೆ, ಅಲುಗಾಡುವುದು ಬೇರೆ. ಹೆಬ್ಬೆರಳಿನಿಂದ ಒತ್ತಿದಾಗ ತಗ್ಗುವ ಅಟ್ಟೆ ಅಂಗಡಿಯಲ್ಲಿ ಮನಸ್ಸನ್ನು ಸೆಳೆಯುತ್ತದೆ. ಆದರೆ ಹದಿನೈದನೆಯ ಕಿಲೋಮೀಟರಿನಲ್ಲಿ ಮೀನಖಂಡ ದಣಿದಿರುವಾಗ, ಅದೇ ಅಟ್ಟೆ ಪಾದವನ್ನು ಪಕ್ಕಕ್ಕೆ ಹೊರಳಿಸಬಹುದು. ಆದ್ದರಿಂದ ದೂರದ ಓಟದ ಬೂಟಿನ ಪರೀಕ್ಷೆ ಓಟದ ಕೊನೆಯ ಭಾಗದಲ್ಲಿ ನಡೆಯತಕ್ಕದ್ದು, ಮೊದಲ ಭಾಗದಲ್ಲಲ್ಲ.

ಮೂರನೆಯದು ಹೊಂದಿಕೆ. ದೀರ್ಘ ಓಟದಲ್ಲಿ ಪಾದ ಬಿಸಿಯೇರಿ ಉಬ್ಬುತ್ತದೆ. ಬೆರಳುಗಳ ಮುಂದೆ ಒಂದು ಹೆಬ್ಬೆರಳ ಅಗಲದ ಅವಕಾಶ, ಹಿಮ್ಮಡಿಯಲ್ಲಿ ಜಾರದ ಹಿಡಿತ, ಗಾಳಿಯಾಡುವ ಮೇಲ್ಹೊದಿಕೆ, ಇವು ಒನಿತ್ಸುಕನ ಕಾಲದಲ್ಲಿ ಎಷ್ಟು ಮುಖ್ಯವಾಗಿದ್ದುವೋ ಇಂದೂ ಅಷ್ಟೇ ಮುಖ್ಯ. ನಮ್ಮ ಮಳೆಗಾಲದ ರಸ್ತೆಗಳಲ್ಲಿ ಅಟ್ಟೆಯ ಹಿಡಿತವೂ ಬೂಟು ಬೇಗ ಒಣಗುವ ಗುಣವೂ ಇವುಗಳೊಡನೆ ಸೇರುತ್ತವೆ. ಹಿಮ್ಮಡಿಗೂ ಮುಂಗಾಲಿಗೂ ಇರುವ ಎತ್ತರದ ಅಂತರ ಕಡಮೆಯಾದಷ್ಟೂ ಭಾರ ಮೀನಖಂಡದ ಮೇಲೆ ಬೀಳುವುದರಿಂದ, ರೂಢಿಯ ಅಂತರವನ್ನು ಏಕಾಏಕಿ ಬದಲಿಸುವುದು ವಿವೇಕವಲ್ಲ.

ನಾಲ್ಕನೆಯದು ಬಾಳಿಕೆ. ಮೆತ್ತೆ ಕಣ್ಣಿಗೆ ಕಾಣದಂತೆ ಸಾಯುತ್ತದೆ. ತಳ ಸವೆಯುವ ಮೊದಲೇ ನಡು ಅಟ್ಟೆ ಕುಗ್ಗಿರಬಹುದು. ಓಡಿದ ದೂರದ ಲೆಕ್ಕವಿಡುವುದೊಂದೇ ಇದಕ್ಕೆ ಉಪಾಯ. ೨೬೪ ಓಟಗಾರರ ಲಕ್ಸೆಂಬರ್ಗ್ ಅಧ್ಯಯನದಲ್ಲಿ, ಬೇರೆಬೇರೆ ಬೂಟುಗಳನ್ನು ಸರದಿಯ ಮೇಲೆ ಬಳಸುವವರಿಗೂ ಒಂದೇ ಬೂಟಿಗೆ ಅಂಟಿಕೊಂಡವರಿಗೂ ಹೋಲಿಸಿ ನೋಡಿದಾಗ, ಮೊದಲಿನವರಲ್ಲಿ ಗಾಯಗಳು ಕಡಮೆಯೆಂದು ಕಂಡುಬಂದಿರುವುದನ್ನೂ ಇಲ್ಲಿ ನೆನೆಯಬಹುದು.

ಉಪಸಂಹಾರ

ಶಾಸನವೊಂದನ್ನು ಓದುವಾಗ, ಇದನ್ನು ಬರೆಸಿದವರು ಯಾರು, ಯಾರಿಗಾಗಿ, ಯಾವ ಸಂದರ್ಭದಲ್ಲಿ ಎಂದು ಕೇಳದೆ ಅದರ ಹೊಗಳಿಕೆಯನ್ನು ನಾವು ಒಪ್ಪುವುದಿಲ್ಲ. ಬೂಟಿನ ಹೊಗಳಿಕೆಗೂ ಇದೇ ನ್ಯಾಯ ಸಲ್ಲಬೇಕು. ಬಿಕಿಲನ ಬರಿಗಾಲು ಸುಳ್ಳಲ್ಲ, ಕ್ಯಾವನಾ ಅವರ ಯಂತ್ರವೂ ಸುಳ್ಳಲ್ಲ. ಆದರೆ ಇವೆರಡೂ ತಮಗೆ ಕೇಳಿದ ಪ್ರಶ್ನೆಗಳಿಗೆ ಮಾತ್ರ ಉತ್ತರ ಹೇಳಿದುವು. ನಿಧಾನದ ಓಟ ಹುಟ್ಟಿದುದು ಗೆಲ್ಲುವುದಕ್ಕಲ್ಲ, ನಾಳೆಯೂ ಓಡುವುದಕ್ಕೆ. ಅದಕ್ಕಾಗಿ ಹುಟ್ಟಿದ ಬೂಟಿನ ಯೋಗ್ಯತೆಯೂ ಆ ಅಳತೆಯಲ್ಲೇ ತಿಳಿಯತಕ್ಕದ್ದು: ಎರಡು ಗಂಟೆ ಓಡಿದ ಮರುದಿನ ಬೆಳಗ್ಗೆ, ಮೆಟ್ಟಿಲಿಳಿಯುವಾಗ ಮೊಣಕಾಲು ಏನು ಹೇಳುತ್ತದೆ ಎಂಬುದರಲ್ಲಿ.